ವೀಸಾ ಶುಲ್ಕ ಕಟ್ಟುವ ಮೊದಲು ಮನೆಯಲ್ಲೇ ಒಂದು ಸಂದರ್ಶನ

ಅಮೆರಿಕದಲ್ಲಿರುವ ಮಗಳಿಗೆ ಏಳು ತಿಂಗಳು ತುಂಬಿದೆ. ಬಾಣಂತನಕ್ಕೆ ಅಮ್ಮ ಹೋಗಬೇಕು, ಜೊತೆಗೆ ಅಪ್ಪನೂ ಹೊರಟಿದ್ದಾರೆ. ತೀರ್ಥಹಳ್ಳಿ ಕಡೆ ನಾಲ್ಕು ಎಕರೆ ಅಡಿಕೆ ತೋಟ ಅವರ ಜೀವನಾಧಾರ. ಅಳಿಯ ಕಳಿಸಿದ ಆಹ್ವಾನ ಪತ್ರ, ಅವನ ಸಂಬಳದ ಚೀಟಿಗಳು, ಅಲ್ಲಿಯ ಮನೆ ಬಾಡಿಗೆಯ ಕರಾರು ಎಲ್ಲ ಪ್ರಿಂಟಾಗಿ ಫೈಲು ದಪ್ಪಗಾಗಿದೆ. ಇಂಥ ದಂಪತಿ ಈಗ ಮಲೆನಾಡಿನಲ್ಲಿ ಅಪರೂಪವೇನಲ್ಲ. ಚೆನ್ನೈಯ ಕಾನ್ಸುಲೇಟಿನಲ್ಲಿ ಕಿಟಕಿಯ ಮುಂದೆ ನಿಂತಾಗ ಅಧಿಕಾರಿ ಆ ಫೈಲನ್ನು ಮುಟ್ಟದೆ ಮೂರ್ನಾಲ್ಕು ಪ್ರಶ್ನೆ ಕೇಳಿ ತೀರ್ಮಾನ ಹೇಳಿಬಿಡುವುದೂ ಅಪರೂಪವಲ್ಲ.

ವೀಸಾಕ್ಕೆ ತಯಾರಾಗುವುದೆಂದರೆ ಕಾಗದ ಕಲೆಹಾಕುವುದು ಎಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಕಾಗದ ಬೇಕು, ನಿಜ. ಆದರೆ ಅರ್ಜಿ ನೋಡುವವರು ಹುಡುಕುವುದು ಮೂರೇ ವಿಷಯ: ಏಕೆ ಹೋಗುತ್ತಿದ್ದೀರಿ, ಖರ್ಚು ಯಾರದು, ಏಕೆ ವಾಪಸ್ ಬರುತ್ತೀರಿ. ಈ ಮೂರಕ್ಕೂ ಅರ್ಜಿದಾರರ ಬಾಯಿಂದ ಬರುವ ಉತ್ತರ, ಅರ್ಜಿಯಲ್ಲಿ ಬರೆದ ಉತ್ತರ, ಬ್ಯಾಂಕ್ ಪಾಸ್‌ಬುಕ್ ಹೇಳುವ ಉತ್ತರ ಒಂದೇ ಆಗಿದ್ದರೆ ತಯಾರಿ ಮುಗಿದಂತೆ. ಇಲ್ಲದಿದ್ದರೆ ಫೈಲು ಎಷ್ಟು ದಪ್ಪಗಿದ್ದರೂ ಅರೆಬರೆಯೇ.

ಅಮೆರಿಕದ ಕಾನೂನನ್ನೇ ನೋಡಿ. 1952ರ ಅಲ್ಲಿನ ವಲಸೆ ಕಾಯ್ದೆಯ 214(ಬಿ) ಸೆಕ್ಷನ್ ಪ್ರಕಾರ ಪ್ರವಾಸಿ ವೀಸಾ ಅಥವಾ ವಿದ್ಯಾರ್ಥಿ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲೇ ನೆಲೆಸಲು ಬರುತ್ತಿದ್ದಾರೆ ಎಂದೇ ಅಧಿಕಾರಿ ಭಾವಿಸಬೇಕು. ಹಾಗಲ್ಲ ಎಂದು ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿದಾರರದು. ನಮ್ಮ ಜನಕ್ಕೆ ಈ ಮಾತು ಅವಮಾನವೆನಿಸುತ್ತದೆ. ‘ನಮಗೆ ಇಲ್ಲಿ ಏನು ಕಡಿಮೆಯಾಗಿದೆ, ಅಲ್ಲಿ ಹೋಗಿ ಕೂರುವುದಕ್ಕೆ?’ ಎಂದು ಹಿರಿಯರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ವೀಸಾ ಸಂದರ್ಶನದಲ್ಲಿ ಹೇಳಬೇಕಾದದ್ದೂ ಅದನ್ನೇ: ಇಲ್ಲಿ ತಮಗೆ ಏನೇನಿದೆ, ಯಾವುದನ್ನು ಬಿಟ್ಟು ಬಹಳ ದಿನ ಇರಲಾಗುವುದಿಲ್ಲ ಎಂಬುದನ್ನು. ಅದನ್ನು ಬಿಟ್ಟು ಅಳಿಯನ ಸಂಬಳ ಎಷ್ಟು, ಅವನ ಮನೆ ಎಷ್ಟು ದೊಡ್ಡದು ಎಂದು ವಿವರಿಸಿದರೆ ಅಧಿಕಾರಿಯ ಅನುಮಾನ ಬಲಿಯುತ್ತದೆಯೇ ಹೊರತು ಕರಗುವುದಿಲ್ಲ. ಪ್ರವಾಸಿ ವೀಸಾಕ್ಕೆ ಆಹ್ವಾನ ಪತ್ರವಾಗಲಿ, ಖರ್ಚು ನೋಡಿಕೊಳ್ಳುತ್ತೇನೆಂಬ ಮುಚ್ಚಳಿಕೆಯಾಗಲಿ ಕಡ್ಡಾಯವಲ್ಲ ಎಂದು ಅಮೆರಿಕದ ವಿದೇಶಾಂಗ ಇಲಾಖೆಯೇ ತನ್ನ ಸೂಚನೆಗಳಲ್ಲಿ ಬರೆದಿದೆ. ಅರ್ಜಿದಾರರ ಸ್ವಂತ ಪರಿಸ್ಥಿತಿಯೇ ಅಲ್ಲಿ ಮುಖ್ಯ.

ಅಡಿಕೆ ತೋಟದ ದಂಪತಿಯ ವಿಷಯಕ್ಕೇ ಬರೋಣ. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲ. ಹಾಗಾಗಿ ಬಹಳಷ್ಟು ರೈತರು ರಿಟರ್ನ್ಸ್ ಸಲ್ಲಿಸಿಯೇ ಇರುವುದಿಲ್ಲ. ‘ಐಟಿಆರ್ ಇಲ್ಲ, ವೀಸಾ ಸಿಗಲ್ಲ’ ಎಂದು ಯಾರೋ ಹೆದರಿಸುತ್ತಾರೆ, ಇನ್ಯಾರೋ ಮೂರು ವರ್ಷದ ರಿಟರ್ನ್ಸ್ ಒಟ್ಟಿಗೇ ಹಾಕಿಸಿಕೊಡುತ್ತೇನೆಂದು ಬರುತ್ತಾರೆ. ಎರಡೂ ಬೇಡ. ತೋಟದ ಪಹಣಿ, ಸೊಸೈಟಿಗೆ ಅಡಿಕೆ ಹಾಕಿದ ಬಿಲ್ಲುಗಳು, ಆ ಹಣ ಬಂದು ಬಿದ್ದಿರುವ ಬ್ಯಾಂಕ್ ಖಾತೆ, ಬೆಳೆ ಸಾಲ ತೀರಿಸಿದ ದಾಖಲೆ, ಇವೇ ಆ ಮನೆಯ ನಿಜವಾದ ಆದಾಯದ ಕಥೆ. ಪಹಣಿ ಕನ್ನಡದಲ್ಲಿರುವುದರಿಂದ ಒಂದು ಇಂಗ್ಲಿಷ್ ಅನುವಾದ ಜೊತೆಗಿಟ್ಟುಕೊಂಡರೆ ಆಯಿತು.

ಕಾಗದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಷಯವಿದೆ. ‘ಎಷ್ಟು ದಿನ ಇರುತ್ತೀರಿ?’ ಎಂದು ಅಧಿಕಾರಿ ಕೇಳುತ್ತಾರೆ. ಯಾರೋ ಹೇಳಿಕೊಟ್ಟಂತೆ ‘ಆರು ತಿಂಗಳು’ ಎಂದು ಬಾಯಿಗೆ ಬಂದುಬಿಡುತ್ತದೆ. ಅಕ್ಟೋಬರಿನಲ್ಲಿ ಹೊರಟು ಆರು ತಿಂಗಳು ಎಂದರೆ ಕೊನೆಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು, ಮಾರಾಟ ಎಲ್ಲ ಅದರೊಳಗೇ ಬರುತ್ತವೆ. ತೋಟವೇ ಜೀವನಾಧಾರ ಎಂದವರು ಕೊಯ್ಲಿಗೇ ಊರಲ್ಲಿ ಇರುವುದಿಲ್ಲವೆಂದರೆ ಮಾತಿಗೂ ಬದುಕಿಗೂ ತಾಳೆಯಾಗುವುದಿಲ್ಲ. ಅದೇ ದಂಪತಿ, ‘ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಹೊರಡುತ್ತೇವೆ, ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಔಷಧಿ ಹೊಡೆಸಬೇಕು, ಮೇ ಕೊನೆಗೆ ಊರಲ್ಲಿರಬೇಕು’ ಎಂದರೆ ಅದು ಯಾರೂ ಹೇಳಿಕೊಡಬೇಕಾಗಿಲ್ಲದ ಉತ್ತರ. ಆದರೆ ಹೆರಿಗೆ ಅಡಿಕೆಯ ಕ್ಯಾಲೆಂಡರ್ ನೋಡಿಕೊಂಡು ಆಗುವುದಿಲ್ಲ. ಕೊಯ್ಲಿನ ನಡುವೆಯೇ ಹೋಗಬೇಕಾದರೆ ತೋಟದ ಜವಾಬ್ದಾರಿ ಯಾರಿಗೆ ವಹಿಸಿದ್ದೀರಿ, ತಮ್ಮನಿಗೋ, ಚೇಣಿ ಗುತ್ತಿಗೆದಾರನಿಗೋ, ಎಂಬುದನ್ನು ಹೇಳಲು ತಿಳಿದಿರಬೇಕು. ಶಿಕ್ಷಕರಿಗೆ ಶಾಲೆಯ ರಜೆ, ಅಂಗಡಿಯವರಿಗೆ ಹಬ್ಬದ ವ್ಯಾಪಾರ, ನಿವೃತ್ತರಿಗೆ ಇನ್ನೊಬ್ಬ ಮಗನ ಮನೆ, ವಯಸ್ಸಾದ ತಾಯಿಯ ಆರೈಕೆ. ಮರಳುವ ಕಾರಣ ಪ್ರತಿ ಮನೆಗೂ ಇದ್ದೇ ಇರುತ್ತದೆ. ಅದನ್ನು ಅರ್ಜಿ ತುಂಬುವ ಮೊದಲೇ ಒಮ್ಮೆ ಮಾತಾಡಿ ಸ್ಪಷ್ಟ ಮಾಡಿಕೊಳ್ಳುವುದಿಲ್ಲ, ಅಷ್ಟೆ.

ಬಾಣಂತನದ ವಿಷಯ ಮುಚ್ಚಿಡುವ ಚಾಳಿಯೂ ಇದೆ. ‘ಮಗು ನೋಡಿಕೊಳ್ಳಲು ಹೋಗ್ತೀನಿ ಅನ್ನಬೇಡಿ, ನಯಾಗರ ನೋಡಲು ಅನ್ನಿ’ ಎಂದು ಏಜೆಂಟರು ಕಿವಿಮಾತು ಹೇಳುತ್ತಾರೆ. ಮಗಳು ಗರ್ಭಿಣಿಯೇ ಎಂದು ಅಧಿಕಾರಿ ನೇರವಾಗಿ ಕೇಳಿದಾಗ ಸುಳ್ಳು ಹೇಳಿ ಅಭ್ಯಾಸವಿಲ್ಲದ ತಾಯಿ ತಡವರಿಸುತ್ತಾಳೆ. ಆ ತಡವರಿಕೆಯೇ ಅರ್ಜಿಯನ್ನು ಕೆಡಿಸುತ್ತದೆ. ಪ್ರವಾಸಿ ವೀಸಾದಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ. ಆದರೆ ಹೆತ್ತ ಮಗಳ ಹೆರಿಗೆಯ ಹೊತ್ತಿಗೆ ಜೊತೆಗಿರುವುದು ಕುಟುಂಬದ ಭೇಟಿ, ಅದನ್ನು ಹೇಳಲು ಅಂಜಬೇಕಿಲ್ಲ. ಬಾರದ ಇಂಗ್ಲಿಷಿನಲ್ಲಿ ಒದ್ದಾಡಬೇಕೆಂದೂ ಇಲ್ಲ. ಭಾರತೀಯ ಭಾಷೆಗಳಲ್ಲಿಯೂ ಸಂದರ್ಶನ ನಡೆಯುತ್ತದೆ.

ಇನ್ನು ಹೆಸರಿನ ಗೋಜಲು. ಕನ್ನಡಿಗರನ್ನು ಇದು ಕಾಡುವಷ್ಟು ಉತ್ತರ ಭಾರತದವರನ್ನು ಕಾಡುವುದಿಲ್ಲ. ನಮ್ಮ ಹೆಸರಿನ ಮುಂದೆ ಊರಿನದೊಂದು, ತಂದೆಯದೊಂದು ಇನಿಷಿಯಲ್ ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಗೆ, ಆಧಾರ್‌ನಲ್ಲಿ ಮೊದಲಿಗೆ, ಪ್ಯಾನ್ ಕಾರ್ಡಿನಲ್ಲಿ ಅದು ಬಿಡಿಸಿಕೊಂಡು ತಂದೆಯ ಪೂರ್ತಿ ಹೆಸರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಲಕ್ಷ್ಮಿಯ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಕಡೆ ಕೆ-ಎಸ್-ಎಚ್, ಇನ್ನೊಂದು ಕಡೆ ಎಕ್ಸ್. ಊರಲ್ಲಿ ಇದರಿಂದ ಯಾವ ತೊಂದರೆಯೂ ಆಗಿರುವುದಿಲ್ಲ. ಆದರೆ ಸರ್‌ನೇಮ್ ಖಾಲಿ ಇರುವ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಕೊಡುವಾಗ ಇರುವ ಒಂದೇ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಮುದ್ರಿಸುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಓದಲು ಹೋದ ಹುಡುಗರು ಅಲ್ಲಿನ ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್‌ಗಳಲ್ಲಿ ಈ ಮೂರಕ್ಷರದ ಹೆಸರು ಹೊತ್ತು ತಿರುಗಬೇಕಾಗುತ್ತದೆ. 2022ರ ನವೆಂಬರಿನಲ್ಲಿ ಯುಎಇ ಇನ್ನೂ ಬಿಗಿ ಮಾಡಿತು: ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು.

ಹಿರಿಯರದು ಹುಟ್ಟಿದ ದಿನದ ಸಮಸ್ಯೆ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದ ಜೂನ್ ಒಂದನೇ ತಾರೀಕು ಒಂದು ಕಡೆ, ಮತದಾರರ ಚೀಟಿಯಲ್ಲಿ ಬರೀ ವಯಸ್ಸು ಇನ್ನೊಂದು ಕಡೆ, ಜಾತಕದಲ್ಲಿ ಮತ್ತೊಂದು. ವೀಸಾ ಅರ್ಜಿಗೆ ಪಾಸ್‌ಪೋರ್ಟ್ ಹೇಳಿದ್ದೇ ಪ್ರಮಾಣ. ಉಳಿದ ದಾಖಲೆಗಳಲ್ಲಿ ವ್ಯತ್ಯಾಸವಿದ್ದರೆ ಅದನ್ನು ಮೊದಲೇ ಪತ್ತೆ ಹಚ್ಚಿ ಸರಿಪಡಿಸಿಕೊಳ್ಳಬೇಕು. ಪಾಸ್‌ಪೋರ್ಟಿನಲ್ಲೇ ತಪ್ಪಿದ್ದರೆ ವೀಸಾ ಮಾತು ಬದಿಗಿಟ್ಟು ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಹೊಸದಾಗಿ ಮಾಡಿಸಿಕೊಳ್ಳುವುದು ಒಳ್ಳೆಯದು. ಪಾಸ್‌ಪೋರ್ಟು, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಲು ಅರ್ಧ ಗಂಟೆ ಸಾಕು. ಬಹುಪಾಲು ಜನ ಈ ಅರ್ಧ ಗಂಟೆಯ ಕೆಲಸ ಮಾಡುವುದಿಲ್ಲ ಎಂಬುದೇ ಬೇಸರದ ಸಂಗತಿ.

ಯುರೋಪಿನ ಷೆಂಗೆನ್ ವೀಸಾದ ರೀತಿಯೇ ಬೇರೆ. ಅಲ್ಲಿ ಸಾಮಾನ್ಯವಾಗಿ ಕಿಟಕಿಯ ಮುಂದೆ ನಿಂತು ಮನವೊಲಿಸುವ ಅವಕಾಶ ಇರುವುದಿಲ್ಲ, ಕಾಗದವೇ ಮಾತಾಡಬೇಕು. ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಅರ್ಜಿ ತೆಗೆದುಕೊಳ್ಳುವವರಿಗೆ ವೀಸಾ ಕೊಡುವ, ನಿರಾಕರಿಸುವ ಅಧಿಕಾರ ಇಲ್ಲ. ಅದು ಆಯಾ ದೇಶದ ಕಾನ್ಸುಲೇಟಿಗೆ ಬಿಟ್ಟದ್ದು. 29 ದೇಶಗಳಿಗೆ ಒಂದೇ ವೀಸಾ, ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ವಾಸ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಹೊರಡುವ ದಿನದ ಹಿಂದಿನ ಆರು ತಿಂಗಳೊಳಗೆ, ತಡವೆಂದರೆ 15 ದಿನ ಮೊದಲು ಅರ್ಜಿ ಹಾಕಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಅನುಮಾನ ಬಂದರೆ 45 ದಿನದವರೆಗೂ ಹೋಗಬಹುದು.

ಇಲ್ಲಿ ಎಡವುವುದು ಹೆಚ್ಚಾಗಿ ಯಾವ ದೇಶಕ್ಕೆ ಅರ್ಜಿ ಹಾಕಬೇಕು ಎಂಬಲ್ಲಿ. ಹೆಚ್ಚು ದಿನ ಇರುವ ದೇಶಕ್ಕೆ ಹಾಕಬೇಕು, ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ ಎಂಬುದು ನಿಯಮ. ಸ್ವಿಟ್ಜರ್ಲೆಂಡಿನಲ್ಲಿ ಐದು ದಿನ, ಪ್ಯಾರಿಸಿನಲ್ಲಿ ಎರಡು ದಿನ ಇರುವ ಪ್ರವಾಸಕ್ಕೆ ಫ್ರಾನ್ಸಿನ ಅಪಾಯಿಂಟ್‌ಮೆಂಟ್ ಬೇಗ ಸಿಕ್ಕಿತೆಂದು ಅಲ್ಲಿ ಅರ್ಜಿ ಹಾಕಿ, ಹೋಟೆಲ್ ಬುಕಿಂಗನ್ನು ಅದಕ್ಕೆ ತಕ್ಕಂತೆ ತಿರುಚಿದರೆ ಅರ್ಜಿ ಹುಟ್ಟುವಾಗಲೇ ಸುಳ್ಳಾಯಿತು. ನಿರಾಕರಿಸಿದಾಗ ಕಾರಣಗಳಿಗೆ ಗುರುತು ಹಾಕಿದ ಒಂದು ಮುದ್ರಿತ ನಮೂನೆ ಕೊಡುತ್ತಾರೆ. ಪ್ರವಾಸದ ಉದ್ದೇಶಕ್ಕೆ ಸರಿಯಾದ ಸಮರ್ಥನೆಯಿಲ್ಲ, ಖರ್ಚಿಗೆ ಸಾಕಷ್ಟು ಹಣ ತೋರಿಸಿಲ್ಲ, ಅವಧಿ ಮುಗಿಯುವ ಮೊದಲು ಮರಳುವ ಬಗ್ಗೆ ಅನುಮಾನವಿದೆ ಎಂಬವು ಅದರಲ್ಲಿರುವ ಕಾರಣಗಳು. ಅರ್ಜಿ ಹಾಕುವ ಮೊದಲೇ ಆ ನಮೂನೆಯನ್ನು ಓದಿ, ಪ್ರತಿ ಕಾರಣಕ್ಕೂ ತಮ್ಮ ಫೈಲಿನಲ್ಲಿ ಏನು ಉತ್ತರವಿದೆ ಎಂದು ನೋಡಿಕೊಳ್ಳುವುದು ಒಳ್ಳೆಯ ಪರೀಕ್ಷೆ. ನಿಯಮದಂತೆ ಹೋಗಿ ಬಂದವರಿಗೆ ಯುರೋಪು ಅನುಕೂಲವನ್ನೂ ಮಾಡಿಕೊಟ್ಟಿದೆ. 2024ರ ಏಪ್ರಿಲ್‌ನಿಂದ, ಹಿಂದಿನ ಮೂರು ವರ್ಷಗಳಲ್ಲಿ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರು ಎರಡು ವರ್ಷದ, ಆಮೇಲೆ ಐದು ವರ್ಷದ ವೀಸಾ ಪಡೆಯಬಹುದು.

ಓದಲು ಹೊರಟವರಿಗೆ ಹಣದ ಲೆಕ್ಕವೇ ಕಠಿಣ. ಬ್ರಿಟನ್ನಿನ ನಿಯಮವನ್ನು ಹತ್ತಿರದಿಂದ ನೋಡಿದರೆ ತಯಾರಿ ಎಂಬುದು ಎಷ್ಟು ಸೂಕ್ಷ್ಮವೆಂದು ತಿಳಿಯುತ್ತದೆ. ಕಾಲೇಜಿನ ಬಾಕಿ ಶುಲ್ಕ ಮತ್ತು ನಿಗದಿಪಡಿಸಿದ ಜೀವನ ವೆಚ್ಚದ ಮೊತ್ತ ಖಾತೆಯಲ್ಲಿ ಸತತ 28 ದಿನ ಇರಬೇಕು. ಆ 28ನೇ ದಿನ ಅರ್ಜಿ ಹಾಕುವ ದಿನದ ಹಿಂದಿನ 31 ದಿನಗಳೊಳಗೆ ಬರಬೇಕು. ತಂದೆಯ ಖಾತೆಯಲ್ಲಿ ಮೊತ್ತ ಸರಿಯಾಗಿ ಕೂಡಿಟ್ಟಿದ್ದಾರೆ ಎಂದುಕೊಳ್ಳಿ. ಹತ್ತೊಂಬತ್ತನೇ ದಿನ ಎಲ್‌ಐಸಿ ಕಂತು ತಾನಾಗಿ ಕಡಿತವಾಗಿ ಖಾತೆಯ ಹಣ ಬೇಕಾದ ಮೊತ್ತಕ್ಕಿಂತ ಸ್ವಲ್ಪವೇ ಕೆಳಗಿಳಿದರೂ ಆ 28 ದಿನಗಳ ಲೆಕ್ಕ ಕೆಟ್ಟಿತು, ಮತ್ತೆ ಒಂದರಿಂದ ಎಣಿಸಬೇಕು. ಅದಕ್ಕೇ ಬೇಕಾದ ಮೊತ್ತಕ್ಕಿಂತ ಒಂದಿಷ್ಟು ಹೆಚ್ಚೇ ಇಟ್ಟು, ಆ ತಿಂಗಳು ಆ ಖಾತೆಯಿಂದ ಯಾವ ಕಂತೂ ಹೋಗದಂತೆ ನೋಡಿಕೊಳ್ಳುವುದು ಜಾಣತನ. ತಂದೆ ತಾಯಿಯ ಖಾತೆಯಾದರೆ ಜನನ ಪ್ರಮಾಣಪತ್ರ, ಒಪ್ಪಿಗೆ ಪತ್ರವೂ ಬೇಕು. ಕೆನಡಾ 2025ರ ಸೆಪ್ಟೆಂಬರಿನಿಂದ ಶುಲ್ಕವನ್ನು ಬಿಟ್ಟು ವರ್ಷದ ಜೀವನ ವೆಚ್ಚಕ್ಕೇ 22,895 ಕೆನಡಿಯನ್ ಡಾಲರ್ ತೋರಿಸಬೇಕೆಂದಿದೆ. 2023ರವರೆಗೆ ಅದು 10,000 ಇತ್ತು. ಆಸ್ಟ್ರೇಲಿಯಾ 2024ರ ಮೇ ತಿಂಗಳಲ್ಲಿ ತನ್ನ ಮೊತ್ತವನ್ನು 29,710 ಆಸ್ಟ್ರೇಲಿಯನ್ ಡಾಲರಿಗೆ ಏರಿಸಿತು. ಅಣ್ಣ ಹೋದಾಗ ಸಾಕಾಗಿದ್ದ ಹಣ ತಮ್ಮನಿಗೆ ಸಾಕಾಗುವುದಿಲ್ಲ. ಹಳೆಯ ಲೆಕ್ಕ ನಂಬಿ ಮನೆ ಅಡವಿಡುವ ಮೊದಲು ಈ ವರ್ಷದ ಅಂಕಿ ಏನೆಂದು ನೋಡಲೇಬೇಕು.

ಹಣವಿಲ್ಲದವರು ಕೈಗಡ ತಂದು ಖಾತೆಗೆ ತುಂಬಿಸಿ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸುವುದು ಹಳೆಯ ಉಪಾಯ. ತಿಂಗಳಿಗೆ ಮೂವತ್ತು ಸಾವಿರ ಓಡಾಡುವ ಖಾತೆಗೆ ಅರ್ಜಿಯ ಹಿಂದಿನ ವಾರ ಹತ್ತು ಲಕ್ಷ ಬಂದು ಬಿದ್ದರೆ ಅದು ಎಲ್ಲಿಂದ ಬಂತೆಂದು ಯಾರೇ ಆದರೂ ಕೇಳುತ್ತಾರೆ. ಸೈಟು ಮಾರಿದ ಹಣವಾದರೆ ಕ್ರಯಪತ್ರ ಇರಲಿ, ಪಿಎಫ್ ಬಂದದ್ದಾದರೆ ಅದರ ಆದೇಶ ಇರಲಿ. ಬ್ಯಾಂಕಿನ ಶಿಕ್ಷಣ ಸಾಲ ಮಂಜೂರಾಗಿದ್ದರೆ ಅದು ಗೌರವದ ದಾಖಲೆಯೇ, ಅದರಲ್ಲಿ ಮುಚ್ಚುಮರೆ ಬೇಡ.

ಅಮೆರಿಕಕ್ಕೆ ಓದಲು ಹೋಗುವವರು ವಿಶ್ವವಿದ್ಯಾಲಯ ಕಳಿಸುವ ಐ-20 ಪತ್ರ, ವಿದ್ಯಾರ್ಥಿ ದಾಖಲಾತಿಗೆ ಕಟ್ಟುವ ಸೆವಿಸ್ ಶುಲ್ಕದ 350 ಡಾಲರ್, ವೀಸಾ ಶುಲ್ಕದ 185 ಡಾಲರ್ ಇವುಗಳ ಬಗ್ಗೆ ಎಚ್ಚರದಿಂದಿರುತ್ತಾರೆ. ಆದರೆ ‘ಈ ಕೋರ್ಸೇ ಏಕೆ, ಈ ಯೂನಿವರ್ಸಿಟಿಯೇ ಏಕೆ’ ಎಂದರೆ ಕನ್ಸಲ್ಟೆನ್ಸಿಯವರು ಬರೆದುಕೊಟ್ಟ ನಾಲ್ಕು ಸಾಲು ಒಪ್ಪಿಸುತ್ತಾರೆ. ಅದೇ ಸಾಲುಗಳನ್ನು ಅದೇ ಬೆಳಿಗ್ಗೆ ಅದೇ ಕಿಟಕಿಯಲ್ಲಿ ಇನ್ನೂ ಹತ್ತು ಮಂದಿ ಒಪ್ಪಿಸಿರುತ್ತಾರೆ. ಮೆಕ್ಯಾನಿಕಲ್ ಓದಿದ ಹುಡುಗ ಡೇಟಾ ಸೈನ್ಸ್‌ಗೆ ಏಕೆ ಹೋಗುತ್ತಿದ್ದಾನೆ ಎಂಬುದಕ್ಕೆ ಅವನದೇ ಕಾರಣ ಇರಬೇಕು. ಕೊನೇ ವರ್ಷದ ಪ್ರಾಜೆಕ್ಟ್, ಕೆಲಸದಲ್ಲಿ ಕಂಡ ಅಗತ್ಯ, ಆ ವಿಭಾಗದಲ್ಲಿ ಕಲಿಸುವ ವಿಷಯ, ಯಾವುದಾದರೂ ಸರಿ. ಅಮೆರಿಕದ ಡಿಎಸ್-160 ಅರ್ಜಿ ಹಿಂದಿನ ಐದು ವರ್ಷ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಕೇಳುತ್ತದೆ. 2025ರ ಜೂನ್‌ನಿಂದ ವಿದ್ಯಾರ್ಥಿಗಳು ಆ ಖಾತೆಗಳನ್ನು ಎಲ್ಲರೂ ನೋಡುವಂತೆ ತೆರೆದಿಡಬೇಕು. ಅರ್ಜಿಯಲ್ಲಿ ಒಂದು ಉದ್ಯೋಗ, ಲಿಂಕ್ಡ್‌ಇನ್‌ನಲ್ಲಿ ಇನ್ನೊಂದು ಉದ್ಯೋಗ ಇದ್ದರೆ ಅದೂ ಸಿಕ್ಕಿಬೀಳುವ ಜಾಗವೇ.

ಸಮಯದ ಅಂದಾಜು ತಯಾರಿಯ ದೊಡ್ಡ ಭಾಗ. ಕೋವಿಡ್ ನಂತರ 2022-23ರಲ್ಲಿ ಮೊದಲ ಬಾರಿಗೆ ಅಮೆರಿಕದ ಪ್ರವಾಸಿ ವೀಸಾ ಕೇಳುವ ಭಾರತೀಯರು ಸಂದರ್ಶನಕ್ಕೆ 500 ದಿನಗಳಿಗೂ ಹೆಚ್ಚು ಕಾಯಬೇಕಾಗಿತ್ತು. ಆ ಕಾಯುವಿಕೆ ಏರುತ್ತದೆ, ಇಳಿಯುತ್ತದೆ. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಬಹಳ ಜನ ಇನ್ನು ಚೆನ್ನೈ ದಾರಿ ತಪ್ಪಿತೆಂದು ಸಂತೋಷಪಟ್ಟರು. ಆದರೆ ವೀಸಾ ಸೇವೆ ಆಗಲೇ ಶುರುವಾಗಲಿಲ್ಲ, ಕರ್ನಾಟಕದವರು ಚೆನ್ನೈಗೋ ಹೈದರಾಬಾದಿಗೋ ಹೋಗುವುದು ತಪ್ಪಲಿಲ್ಲ. ಬೆರಳಚ್ಚು, ಫೋಟೊಗೆ ಒಂದು ಭೇಟಿ, ಸಂದರ್ಶನಕ್ಕೆ ಇನ್ನೊಂದು. ಮಂಡಿನೋವಿನ ಹಿರಿಯರಿಗೆ ಇದು ಸಣ್ಣ ಪ್ರಯಾಣವಲ್ಲ.

ಈ ಕಾಯುವಿಕೆಯೇ ದಲ್ಲಾಳಿಗಳ ಹೊಟ್ಟೆ ತುಂಬಿಸುವುದು. 2025ರ ಮಾರ್ಚಿನಲ್ಲಿ ಭಾರತದ ಅಮೆರಿಕನ್ ದೂತಾವಾಸ ಬಾಟ್‌ಗಳ ಮೂಲಕ ಕಾಯ್ದಿರಿಸಿದ್ದ ಸುಮಾರು 2,000 ಅಪಾಯಿಂಟ್‌ಮೆಂಟುಗಳನ್ನು ರದ್ದು ಮಾಡಿತು. ದಲ್ಲಾಳಿಗಳ ಮೋಸ ಇಷ್ಟಕ್ಕೇ ನಿಲ್ಲುವುದಿಲ್ಲ. 2023ರಲ್ಲಿ ಕೆನಡಾದಲ್ಲಿ ಓದು ಮುಗಿಸಿ ಕಾಯಂ ನಿವಾಸಕ್ಕೆ ಅರ್ಜಿ ಹಾಕಿದ ಭಾರತೀಯ ವಿದ್ಯಾರ್ಥಿಗಳಿಗೆ, ವರ್ಷಗಳ ಹಿಂದೆ ತಾವು ವೀಸಾ ಪಡೆದ ಪ್ರವೇಶ ಪತ್ರವೇ ನಕಲಿ ಎಂದು ಆಗ ತಿಳಿಯಿತು. ಪತ್ರ ತಯಾರಿಸಿದ ಏಜೆಂಟನಿಗೆ ಕೆನಡಾದ ನ್ಯಾಯಾಲಯ ಮರುವರ್ಷ ಜೈಲು ಶಿಕ್ಷೆ ವಿಧಿಸಿತು. ಗಡೀಪಾರಿನ ಭಯದಲ್ಲಿ ತಿಂಗಳುಗಟ್ಟಲೆ ಬದುಕಿದವರು ಮಾತ್ರ ಆ ಮಕ್ಕಳು. ‘ಗ್ಯಾರಂಟಿ ವೀಸಾ’ ಎಂಬ ಫಲಕ ಕಂಡರೆ ಅಲ್ಲಿಂದ ಎದ್ದು ಬರಬೇಕು. ವೀಸಾ ಗ್ಯಾರಂಟಿ ಕೊಡುವ ಅಧಿಕಾರ ಭಾರತದಲ್ಲಿ ಯಾವ ಅಂಗಡಿಗೂ ಇಲ್ಲ. ಅರ್ಜಿಯನ್ನು ಬೇರೆಯವರು ತುಂಬಿಕೊಟ್ಟರೂ ಅದರಲ್ಲಿನ ಪ್ರತಿ ಅಕ್ಷರಕ್ಕೆ ಸಹಿ ಮಾಡಿದವರೇ ಹೊಣೆ. ಅಮೆರಿಕದಲ್ಲಿ ಸುಳ್ಳು ಹೇಳಿ ವೀಸಾ ಪಡೆಯಲೆತ್ನಿಸಿದ್ದು ಸಾಬೀತಾದರೆ ಜೀವಮಾನವಿಡೀ ಅನರ್ಹತೆ ಬರಬಹುದು, ಬ್ರಿಟನ್ನಿನಲ್ಲಿ ವಂಚನೆಗೆ ಹತ್ತು ವರ್ಷದ ನಿಷೇಧವಿದೆ.

ಬರೀ ನಿರಾಕರಣೆ ಅಷ್ಟು ಭಯಂಕರವಲ್ಲ. 214(ಬಿ) ಅಡಿ ‘ಇಲ್ಲ’ ಎಂದವರು ಮತ್ತೆ ಅರ್ಜಿ ಹಾಕಬಹುದು, ಮೇಲ್ಮನವಿ ಮಾತ್ರ ಇಲ್ಲ. ಆದರೆ ಕಟ್ಟಿದ ಹಣ ವಾಪಸ್ ಬರುವುದಿಲ್ಲ, ಮುಂದಿನ ಅರ್ಜಿಯಲ್ಲಿ ‘ಹಿಂದೆ ನಿರಾಕರಣೆಯಾಗಿದೆಯೇ’ ಎಂಬ ಪ್ರಶ್ನೆಗೆ ಹೌದು ಎಂದೇ ಬರೆಯಬೇಕು. ಅದೇ ಕಾಗದ, ಅದೇ ಉತ್ತರ ಹಿಡಿದು ಮರುತಿಂಗಳೇ ಹೋದರೆ ಬೇರೆ ಫಲ ಸಿಗಲು ಕಾರಣವಿಲ್ಲ. ನೌಕರಿಗೆ ಸೇರಿ ಮೂರು ತಿಂಗಳಾದ ಹುಡುಗ ಒಂದು ವರ್ಷ ಕಾದು ಹೋದರೆ, ಖಾತೆ ಈಗಷ್ಟೇ ತುಂಬಿದವರು ಆರು ತಿಂಗಳು ಬಿಟ್ಟು ಹೋದರೆ ಕಳೆದುಕೊಳ್ಳುವುದು ಏನೂ ಇಲ್ಲ. ತಯಾರಿಲ್ಲ ಎಂದು ತಾವೇ ಒಪ್ಪಿಕೊಂಡು ಮುಂದೂಡುವುದು ದಾಖಲೆಯಲ್ಲಿ ಉಳಿಯುವುದಿಲ್ಲ, ನಿರಾಕರಣೆ ಉಳಿಯುತ್ತದೆ.

ಡಿಎಸ್-160 ಅರ್ಜಿಯನ್ನು ಶುಲ್ಕ ಕಟ್ಟುವ ಮೊದಲೇ ಅಮೆರಿಕ ಸರ್ಕಾರದ ಜಾಲತಾಣದಲ್ಲಿ ತೆರೆದು ತುಂಬಿಸಬಹುದು, ಅರ್ಧ ತುಂಬಿಸಿದ್ದು 30 ದಿನ ಅಲ್ಲೇ ಉಳಿದಿರುತ್ತದೆ. ಷೆಂಗೆನ್ ಅರ್ಜಿ ನಮೂನೆಯೂ ಉಚಿತ. ಹೊರಡುವ ಯೋಚನೆ ಇರುವವರು ಒಂದು ಭಾನುವಾರ ಮನೆಯವರೆಲ್ಲ ಕೂತು ತಮಗೆ ಬೇಕಾದ ಅರ್ಜಿಯನ್ನು ತಾವೇ ತುಂಬಿಸಿ ನೋಡಲಿ. ಮಕ್ಕಳು ಅಧಿಕಾರಿಯಾಗಿ ಆ ಮೂರು ಪ್ರಶ್ನೆ ಕೇಳಲಿ, ಅಪ್ಪ ಅಮ್ಮ ತಮ್ಮ ಮಾತಿನಲ್ಲೇ ಉತ್ತರಿಸಲಿ. ಯಾವ ಜಾಗ ತುಂಬಲು ಕೈ ತಡೆಯಿತೋ, ಯಾವ ಪ್ರಶ್ನೆಗೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಬೇಕಾಯಿತೋ, ಅದು ಸರಿಹೋಗುವವರೆಗೆ ದಯವಿಟ್ಟು ಹಣ ಕಟ್ಟಬೇಡಿ.